ಅಡುಗೆ ಇಳಿಸಿದ ಹೊತ್ತು, ಊಟಕ್ಕೆ ಕುಳಿತ ಹೊತ್ತು

ಓದುಗರ ಪ್ರಶ್ನೆ – ನಮ್ಮ ಉತ್ತರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರಿಂದ ಹಿರಿಯರ ಊಟದ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕೆಲವರು ‘ನರ್ಸಿಂಗ್ ಹೋಮ್’ ಎಂದು ಬರೆದಿದ್ದಾರೆ; ನಮ್ಮ ಕಡೆ ಆ ಮಾತಿಗೆ ಸಣ್ಣ ಖಾಸಗಿ ಆಸ್ಪತ್ರೆ ಎಂಬ ಅರ್ಥವೇ ರೂಢಿಯಲ್ಲಿರುವುದರಿಂದ, ವಯಸ್ಸಾದವರು ತಿಂಗಳುಗಟ್ಟಲೆ ಇದ್ದು ಉಣ್ಣುವ ವೃದ್ಧಾಶ್ರಮ ಮತ್ತು ಆರೈಕೆ ಕೇಂದ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಮತ್ತು ಅವರು ಹೇಳಿದ ಸಂಸ್ಥೆಗಳ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಪುಣೆಯಲ್ಲಿ ನೌಕರಿಯಲ್ಲಿರುವುದರಿಂದ 78 ವರ್ಷದ ನಮ್ಮ ಅವ್ವನನ್ನು ಬೆಳಗಾವಿಯ ಒಂದು ಆರೈಕೆ ಕೇಂದ್ರದಲ್ಲಿ ಇರಿಸಿದ್ದೇನೆ. ಮೂರು ತಿಂಗಳಲ್ಲಿ ಎರಡು ಸಲ ವಾಂತಿ-ಭೇದಿಯಾಗಿ ಸಲೈನ್ ಹಚ್ಚಬೇಕಾಯಿತು. ಅಡುಗೆಮನೆಯನ್ನು ಹೋಗಿ ನೋಡಿದೆ. ಗೋಡೆಯ ಟೈಲ್ಸ್ ಹೊಳೆಯುತ್ತಿದ್ದವು, ಬಾಂಡೆಗಳು ಥಳಥಳ ಎನ್ನುತ್ತಿದ್ದವು. ‘ವಯಸ್ಸಾದವರಿಗೆ ಹೊಟ್ಟೆ ಕೆಡುವುದು ಸಹಜ’ ಎಂದು ವ್ಯವಸ್ಥಾಪಕರು ಹೇಳುತ್ತಾರೆ. ನಾನು ನೋಡಬೇಕಾದದ್ದು ಇನ್ನೇನು?
– ಓದುಗಿ, ಟಿಳಕವಾಡಿ

ಉತ್ತರ: ವ್ಯವಸ್ಥಾಪಕರ ಮಾತಿನಲ್ಲಿ ಅರ್ಧ ನಿಜವಿದೆ. ವಯಸ್ಸಾದಂತೆ ಹಲವರಲ್ಲಿ ಜಠರದ ಆಮ್ಲ ಕಡಿಮೆಯಾಗುತ್ತದೆ, ಅದರ ಮೇಲೆ ಪ್ರತಿದಿನ ಬೆಳಿಗ್ಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೂ ಅನೇಕರು ನುಂಗುತ್ತಿರುತ್ತಾರೆ. ಹೀಗಾಗಿ ಊಟದೊಡನೆ ಒಳಗೆ ಹೋದ ರೋಗಾಣುಗಳನ್ನು ಮೊದಲ ಬಾಗಿಲಲ್ಲೇ ಕೊಲ್ಲುವ ಕಾವಲು ಸಡಿಲವಾಗಿರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ರೋಗ ತಡೆಯುವ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ಹಿರಿಯರಿಗೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ, ಮೂವತ್ತು ವರ್ಷದವರು ಒಂದು ದಿನ ಮಲಗಿ ಎದ್ದುಬಿಡುವಂಥ ಭೇದಿ ಅವರನ್ನು ಆಸ್ಪತ್ರೆಗೆ ಸೇರಿಸುತ್ತದೆ. ಆದರೆ ಈ ಕಾರಣಕ್ಕಾಗಿಯೇ ಅಲ್ಲಿನ ಅಡುಗೆಮನೆ ಊರಿನ ಖಾನಾವಳಿಗಿಂತ ಹೆಚ್ಚು ಎಚ್ಚರದಿಂದ ನಡೆಯಬೇಕು. ವ್ಯವಸ್ಥಾಪಕರು ಇದನ್ನೇ ನೆಪವಾಗಿ ಹೇಳುತ್ತಿರುವುದು ನನಗೆ ಸರಿ ಕಾಣುವುದಿಲ್ಲ.

ಸಮುದಾಯ ಆರೋಗ್ಯದ ಕೆಲಸದ ನಿಮಿತ್ತ ನಾನು ಇಂಥ ಹಲವು ಅಡುಗೆಮನೆಗಳನ್ನು ಕಂಡಿದ್ದೇನೆ. ಹೊಳೆಯುವ ಟೈಲ್ಸ್ ನೋಡಿ ಸಮಾಧಾನಪಟ್ಟುಕೊಳ್ಳುವುದನ್ನು ಬಿಟ್ಟು ಬಹಳ ವರ್ಷಗಳಾದವು. ನೀವು ಮುಂದಿನ ಸಲ ಹೋದಾಗ ಗೋಡೆಗಿಂತ ಗಡಿಯಾರವನ್ನು ನೋಡಿ. ಮಧ್ಯಾಹ್ನದ ಊಟಕ್ಕೆ ಅರ್ಧ ತಾಸು ಮೊದಲು ತಲುಪಿ, ಅನ್ನವನ್ನು ಎಷ್ಟು ಹೊತ್ತಿಗೆ ಇಳಿಸಿದರು, ಬೇಳೆ ಸಾರು ಈಗ ಒಲೆಯ ಮೇಲಿದೆಯೋ ಕೆಳಗಿದೆಯೋ, ನಿನ್ನೆ ರಾತ್ರಿ ಉಳಿದದ್ದು ಎಲ್ಲಿ ಹೋಯಿತು ಎಂಬ ಮೂರು ಮಾತುಗಳನ್ನು ಸಹಜವಾಗಿ ಕೇಳಿ. ಅಡುಗೆಯವರು ಕೈ ತೊಳೆಯಲು ಅಡುಗೆಮನೆಯೊಳಗೇ ನಳವೂ ಸಾಬೂನೂ ಇವೆಯೇ, ಕಟ್ಟೆ ಒರೆಸುವ ಅರಿವೆಯಲ್ಲೇ ತಟ್ಟೆಗಳನ್ನೂ ಒರೆಸುತ್ತಾರೆಯೇ ಎಂಬುದನ್ನು ಕಣ್ಣಿಟ್ಟು ನೋಡಿ. ಹಸಿಯಾಗಿ ದಿನವಿಡೀ ಕಟ್ಟೆಯ ಮೇಲೆ ಬಿದ್ದಿರುವ ಆ ಅರಿವೆ ಒಂದೇ, ಎಷ್ಟೋ ಅಡುಗೆಮನೆಗಳಲ್ಲಿ ನಾನು ಕಂಡ ಅತಿ ಕೊಳಕು ವಸ್ತುವಾಗಿತ್ತು.

ಇನ್ನೊಂದು ಸಂಗತಿಯನ್ನು ಬಂದು ಹೋಗುವವರು ಗಮನಿಸುವುದಿಲ್ಲ. ಊಟದ ಹಾಲ್‌ಗೆ ಬಂದು ಕೂರುವವರಿಗೆ ಬಿಸಿ ಊಟ ಸಿಗುತ್ತದೆ. ಹಾಸಿಗೆ ಹಿಡಿದವರ ತಟ್ಟೆಗಳನ್ನು ಅದೇ ಹೊತ್ತಿಗೆ ಬಡಿಸಿ ಕೋಣೆಗಳಿಗೆ ಒಯ್ದು ಇಡುತ್ತಾರೆ, ತುತ್ತು ಮಾಡಿ ಉಣಿಸುವವರು ಒಬ್ಬರೇ ಇರುವುದರಿಂದ ಕೊನೆಯ ಹಾಸಿಗೆಯವರ ಸರದಿ ಬರುವಷ್ಟರಲ್ಲಿ ಒಂದೂವರೆ ತಾಸು ಕಳೆದಿರುತ್ತದೆ. ನಿಮ್ಮ ಅವ್ವನಿಗೆ ಊಟ ಉಣಿಸಬೇಕಾದ ಸ್ಥಿತಿ ಇದ್ದರೆ, ಅವರ ತಟ್ಟೆ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಒಂದು ದಿನ ಕುಳಿತು ಲೆಕ್ಕ ಹಾಕಿ. ಮಿಕ್ಸರ್‌ನಲ್ಲಿ ನುಣ್ಣಗೆ ಮಾಡಿ ಕೊಡುವ ಊಟವಾದರೆ ಜಾರಿನ ತಳದ ಬ್ಲೇಡನ್ನೂ ರಬ್ಬರ್ ಉಂಗುರವನ್ನೂ ಬಿಚ್ಚಿ ತೊಳೆಯುತ್ತಾರೆಯೇ ಎಂದು ಕೇಳಿ. ಬಿಚ್ಚಿದಾಗ ಅಲ್ಲಿ ನಿನ್ನೆಯ ಬೇಳೆ ಸಿಕ್ಕರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಕ್ಕಂತೆ.

ಪ್ರಶ್ನೆ: ನಾನು ಬಾಗಲಕೋಟೆಯ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ಅಡುಗೆ ಮಾಡುತ್ತೇನೆ. 32 ಮಂದಿ ಹಿರಿಯರಿದ್ದಾರೆ. ಜೊತೆಗೆ ಕೆಲಸ ಮಾಡುವಾಕೆ ಹತ್ತು ಗಂಟೆಗೆ ಹೋಗಿಬಿಡುವುದರಿಂದ ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ಒಂಬತ್ತರೊಳಗೆ ಮಧ್ಯಾಹ್ನದ ಅಡುಗೆಯನ್ನೂ ಮುಗಿಸುತ್ತೇನೆ, ಊಟ ಹನ್ನೆರಡೂವರೆಗೆ. ರಾತ್ರಿ ಉಳಿದ ಅನ್ನವನ್ನು ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಒಗ್ಗರಣೆ ಹಾಕುತ್ತೇನೆ. ಮೊನ್ನೆ ಬಂದ ವೈದ್ಯರೊಬ್ಬರು ಇದು ಅಪಾಯ ಎಂದರು. ನಾವು ಮನೆಯಲ್ಲಿ ಇದನ್ನೇ ಉಂಡು ಬೆಳೆದವರು. ಅನ್ನ ಹಳಸಿದರೆ ವಾಸನೆಯಿಂದ ನಮಗೆ ತಿಳಿಯುವುದಿಲ್ಲವೇ?
– ಓದುಗಿ, ಬಾಗಲಕೋಟೆ ತಾಲ್ಲೂಕು

ಉತ್ತರ: ವಾಸನೆಯಿಂದ ಹಳಸಿದ್ದು ತಿಳಿಯುತ್ತದೆ, ವಿಷವಾದದ್ದು ತಿಳಿಯುವುದಿಲ್ಲ. ಇವೆರಡೂ ಬೇರೆ ಬೇರೆ ಸೂಕ್ಷ್ಮಜೀವಿಗಳ ಕೆಲಸ. ಅಕ್ಕಿಯಲ್ಲಿ ಮಣ್ಣಿನಿಂದಲೇ ಬಂದಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕುದಿಯುವ ನೀರಿನಲ್ಲಿಯೂ ಅವು ಸಾಯದೆ ಉಳಿಯುತ್ತವೆ. ಅನ್ನ ಬಿಸಿಯಾಗಿರುವವರೆಗೆ ಸುಮ್ಮನಿದ್ದು, ಉಗುರು ಬೆಚ್ಚಗಾದಾಗ ಅವು ಮೊಳೆತು, ಹೆಚ್ಚಿ, ಒಂದು ವಿಷವನ್ನು ಮಾಡುತ್ತವೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಳಿಗ್ಗೆ ನೀವು ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಅರಿಷಿಣ ಹಾಕಿ ಎಷ್ಟೇ ಚೆನ್ನಾಗಿ ಒಗ್ಗರಣೆ ಕೊಟ್ಟರೂ ಬ್ಯಾಕ್ಟೀರಿಯಾ ಸಾಯಬಹುದು, ವಿಷ ಮಾತ್ರ ಆ ಬಿಸಿಗೆ ಜಗ್ಗುವುದಿಲ್ಲ. ಉಂಡ ಅರ್ಧ ತಾಸಿನಿಂದ ಆರು ತಾಸಿನೊಳಗೆ ವಾಂತಿ ಶುರುವಾಗುತ್ತದೆ.

ಮನೆಯಲ್ಲಿ ಉಂಡಾಗ ಏನೂ ಆಗದಿದ್ದುದಕ್ಕೂ ಕಾರಣವಿದೆ. ಮನೆಯಲ್ಲಿ ಉಳಿಯುವುದು ಒಂದು ಬಟ್ಟಲು ಅನ್ನ, ಅದು ಬೇಗ ಆರುತ್ತದೆ. ಉಣ್ಣುವವರೂ ಹೊಲದಲ್ಲಿ ದುಡಿಯುವ ಗಟ್ಟಿ ಜನ. ಆಶ್ರಮದ ಡಬರಿಯ ಲೆಕ್ಕವೇ ಬೇರೆ. ಒಮ್ಮೆ ವಿಜಯಪುರ ಜಿಲ್ಲೆಯ ಒಂದು ಅಡುಗೆಮನೆಯಲ್ಲಿ ಮಧ್ಯಾಹ್ನ ಹನ್ನೊಂದಕ್ಕೆ ಇಳಿಸಿದ ಅನ್ನದ ದೊಡ್ಡ ಡಬರಿಯನ್ನು ಸಂಜೆ ಏಳಕ್ಕೆ ನೋಡಿದೆ. ಅಡುಗೆಯಾಕೆ ಹೊರಗಡೆಯಿಂದ ಕೈ ಇಟ್ಟು ‘ತಣ್ಣಗಾಗೇತ್ರಿ, ವಾಸನಿ ನೋಡ್ರಿ, ಏನೂ ಆಗಿಲ್ಲ’ ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ, ವಾಸನೆ ಚೆನ್ನಾಗಿಯೇ ಇತ್ತು. ಕಡ್ಡಿಯ ಥರ್ಮಾಮೀಟರನ್ನು ಅನ್ನದ ನಡುವಿಗೆ ಇಳಿಸಿದಾಗ ಅದು 41 ಡಿಗ್ರಿ ತೋರಿಸಿತು. ಎಂಟು ತಾಸು ಕಳೆದರೂ ಡಬರಿಯ ಹೊಟ್ಟೆ ಬೆಚ್ಚಗಿತ್ತು. ಬ್ಯಾಕ್ಟೀರಿಯಾ ಸಾಕಲು ಅದಕ್ಕಿಂತ ಒಳ್ಳೆಯ ಗೂಡು ಸಿಗಲಾರದು.

ನೆನಪಿಡಬೇಕಾದ ಅಂಕಿ ಎರಡೇ. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಯವರೆಗಿನದು ರೋಗಾಣುಗಳು ಬೆಳೆಯುವ ಪಟ್ಟಿ. ಬೇಯಿಸಿದ ಪದಾರ್ಥ ಆ ಪಟ್ಟಿಯಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಇರಬಾರದು. ಒಂಬತ್ತಕ್ಕೆ ಇಳಿಸಿ ಹನ್ನೆರಡೂವರೆಗೆ ಬಡಿಸುವ ನಿಮ್ಮ ಕ್ರಮದಲ್ಲಿ, ಅನ್ನ ಬಿಸಿಯಾಗಿ ಉಳಿಯುವ ಹೊತ್ತನ್ನು ಕಳೆದರೂ, ಈ ಗಡಿ ಮೀರುವ ಸಾಧ್ಯತೆ ಇದೆ. ಬೇಳೆ, ಸಾರು ಮತ್ತು ಮಾಂಸದ ಗಟ್ಟಿ ರಸಗಳಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದೇ ರೀತಿ ದೊಡ್ಡ ಪಾತ್ರೆಯ ನಡುವಿನಲ್ಲಿ ಬೆಳೆಯುತ್ತದೆ. ಅದರಿಂದ ಆರರಿಂದ ಇಪ್ಪತ್ತನಾಲ್ಕು ತಾಸಿನೊಳಗೆ ಹೊಟ್ಟೆನೋವು, ಭೇದಿ ಆಗುತ್ತವೆ. ಸಾರನ್ನು ಬಡಿಸುವ ಮೊದಲು ಮತ್ತೆ ಬುಳುಬುಳು ಕುದಿಸಿದರೆ ಈ ಎರಡನೆಯದು ಬಹುಪಾಲು ಹೋಗುತ್ತದೆ. ಅನ್ನಕ್ಕೆ ಆ ಉಪಾಯ ನಡೆಯುವುದಿಲ್ಲ.

ಹಾಗಾದರೆ ಕೆಲಸದ ಸರದಿಯನ್ನು ತಿರುವಿಹಾಕಿ. ಬೆಳಿಗ್ಗೆ ರೊಟ್ಟಿ ಬಡಿಯಿರಿ, ಕಾಯಿಪಲ್ಯ ಹೆಚ್ಚಿಕೊಳ್ಳಿ, ಬೇಳೆ ಬೇಯಿಸಿ ಸಣ್ಣ ಉರಿಯ ಮೇಲೆ ಇಡಿ. ಅನ್ನವನ್ನು ಕೊನೆಗೆ, ಹನ್ನೊಂದೂವರೆಗೆ ಇಡಿ. ಅನ್ನಕ್ಕೆ ಎರಡನೆಯ ಕೈ ಬೇಕಾಗುವುದಿಲ್ಲ. ನಮ್ಮ ಕಡೆಯ ಊಟದಲ್ಲಿ ಮೊದಲೇ ಮಾಡಿಡಬಹುದಾದದ್ದು ಬೇಕಾದಷ್ಟಿದೆ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ. ನೀರಿನ ಅಂಶ ಇಲ್ಲದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ ಎಂಬುದನ್ನು ಬಿಸಿಲ ನಾಡಿನ ಹೆಂಗಸರು ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದರು. ಕಡಕ್ ರೊಟ್ಟಿ ಹಲ್ಲಿಲ್ಲದವರಿಗೆ ಆಗದಿದ್ದರೆ ಬಿಸಿ ಸಾರಿನಲ್ಲಿ ನೆನೆಸಿ ಕೊಡಬಹುದು, ಆದರೆ ನೆನೆಸಿದ ಮೇಲೆ ಅದೂ ಹಸಿ ಪದಾರ್ಥವೇ. ಹಿಂಡಿಗೆ ಬಳಸುವ ಶೇಂಗಾದಲ್ಲಿ ಬೂಷ್ಟು ಹಿಡಿದ ಕಾಳು ಕಂಡರೆ ತೊಳೆದು ಹುರಿಯಲು ಹೋಗಬೇಡಿ, ಎಸೆದುಬಿಡಿ. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ.

ರಾತ್ರಿಯ ಅನ್ನ ಉಳಿಯದಂತೆ ಅಳತೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಉಳಿದರೆ ಡಬರಿಯಲ್ಲಿ ಬಿಡದೆ ಅಗಲವಾದ ಪರಾತದಲ್ಲಿ ಎರಡು ಇಂಚಿಗಿಂತ ದಪ್ಪವಾಗದಂತೆ ಹರಡಿ, ಫ್ಯಾನಿನ ಕೆಳಗೆ ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹಬೆ ಏಳುವಷ್ಟು ಬಿಸಿ ಮಾಡಿ, ಒಂದೇ ಸಲ ಬಡಿಸಿ, ಮತ್ತೆ ಉಳಿದದ್ದನ್ನು ಚೆಲ್ಲಿ. ಫ್ರಿಜ್‌ನಲ್ಲಿ ಇಡಲು ಜಾಗವಿಲ್ಲ ಎಂದಾದರೆ ಒಗ್ಗರಣೆ ಅನ್ನವನ್ನೇ ಬಿಟ್ಟು ಉಪ್ಪಿಟ್ಟು ಮಾಡಿ.

ಕಡ್ಡಿ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆಡಳಿತದವರಿಂದ ಕೊಡಿಸಿಕೊಳ್ಳಿ. ಅದು ಸರಿಯಿದೆಯೇ ಎಂದು ಪರೀಕ್ಷಿಸಲು ಐಸ್ ತುಂಬಿದ ನೀರಿನಲ್ಲಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ಅದ್ದಿ 100 ಬರಲಿಲ್ಲವೆಂದು ಬೆಳಗಾವಿಯವರೊಬ್ಬರು ಅಂಗಡಿಗೆ ವಾಪಸ್ ಒಯ್ದಿದ್ದರು. ಅಷ್ಟು ಎತ್ತರದ ಊರಿನಲ್ಲಿ ನೀರು 97-98 ಡಿಗ್ರಿಗೇ ಕುದಿಯುತ್ತದೆ, ತಪ್ಪು ಥರ್ಮಾಮೀಟರಿನದಾಗಿರಲಿಲ್ಲ. ಜೊತೆಗಾರ್ತಿಯನ್ನು ಹನ್ನೆರಡರವರೆಗೆ ಇರಿಸಿಕೊಳ್ಳಲು ಎರಡು ತಾಸಿನ ಕೂಲಿ ಹೆಚ್ಚು ಕೊಡಬೇಕಾಗುತ್ತದೆ ಎಂಬುದನ್ನೂ ಆಡಳಿತದವರಿಗೆ ಈ ಪುಟ ತೋರಿಸಿ ಹೇಳಿ. ನಿಮ್ಮ ಅಡುಗೆಮನೆಯ ತೊಡಕು ಹುಟ್ಟಿರುವುದು ಆ ಎರಡು ತಾಸಿನ ಉಳಿತಾಯದಿಂದ.

ಪ್ರಶ್ನೆ: ನಮ್ಮ ಆಶ್ರಮಕ್ಕೆ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಉಳಿದ ಊಟವನ್ನು ಜನ ಪ್ರೀತಿಯಿಂದ ತಂದುಕೊಡುತ್ತಾರೆ. ಬೇಡವೆಂದರೆ ‘ಅನ್ನ ಬೇಡ ಅಂತೀರಾ’ ಎಂದು ನೊಂದುಕೊಳ್ಳುತ್ತಾರೆ. ಹಿರಿಯರಿಗೂ ಸಿಹಿ ಊಟದ ಆಸೆ ಇರುತ್ತದೆ. ಏನು ಮಾಡಬೇಕು?
– ಆಶ್ರಮದ ಮೇಲ್ವಿಚಾರಕರು, ವಿಜಯಪುರ

ಉತ್ತರ: ನಿಮ್ಮ ಇಕ್ಕಟ್ಟು ನನಗೆ ಅರ್ಥವಾಗುತ್ತದೆ, ಆದರೆ ನಾನು ಬೇಡವೆಂದೇ ಹೇಳುತ್ತೇನೆ. ಲೆಕ್ಕ ಹಾಕಿ ನೋಡಿ. ಮಂಗಲ ಕಾರ್ಯಾಲಯದಲ್ಲಿ ಹತ್ತಕ್ಕೆ ಅಡುಗೆ ಮುಗಿದಿರುತ್ತದೆ. ಅಕ್ಷತೆ ಬೀಳುವುದು ಹನ್ನೆರಡೂವರೆಗೆ. ಪಂಕ್ತಿಗಳು ಮೂರರವರೆಗೆ ನಡೆಯುತ್ತವೆ. ಬೀಗರು ಹೊರಟ ಮೇಲೆ ‘ಉಳಿದದ್ದು ಏನು ಮಾಡೂಣು’ ಎಂಬ ಮಾತು ಏಳುತ್ತದೆ. ಯಾರದೋ ಗಾಡಿಯ ಡಿಕ್ಕಿಯಲ್ಲಿ ನಿಮ್ಮಲ್ಲಿಗೆ ಬರುವಾಗ ನಾಲ್ಕೂವರೆ. ನೀವು ಬಡಿಸುವುದು ರಾತ್ರಿ ಏಳಕ್ಕೆ. ಏಪ್ರಿಲ್-ಮೇ ತಿಂಗಳ ಮದುವೆಯ ಸುಗ್ಗಿಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆ ಬುಟ್ಟಿಯಲ್ಲಿರುವ ಅನ್ನ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ, ಹಾಲಿನ ಪಾಯಸಗಳು ಬಡಿಸುವ ಹೊತ್ತಿಗೆ ಒಂಬತ್ತು ತಾಸಿನ ಬಹುಪಾಲನ್ನು ಅಪಾಯದ ಪಟ್ಟಿಯಲ್ಲೇ ಕಳೆದಿರುತ್ತವೆ. ಅದರ ಮೇಲೆ ಬಡಿಸಿದವರ ಎಷ್ಟು ಕೈಗಳು, ಎಷ್ಟು ಸೌಟುಗಳು ಅವುಗಳಲ್ಲಿ ಆಡಿವೆಯೋ ತಿಳಿಯದು.

ಉಳಿದ ಊಟವನ್ನು ಹಂಚಲೇಬಾರದು ಎಂದು ಕಾನೂನು ಹೇಳುವುದಿಲ್ಲ. ಹೆಚ್ಚುವರಿ ಆಹಾರವನ್ನು ಸಂಗ್ರಹಿಸಿ ಹಂಚುವುದಕ್ಕೆಂದೇ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2019ರಲ್ಲಿ ನಿಯಮಾವಳಿ ಮಾಡಿದೆ. ಬಡಿಸದೆ ಉಳಿದದ್ದನ್ನು ಬಿಸಿಯಾಗಿಯೋ ತಣ್ಣಗಾಗಿಯೋ ಸರಿಯಾಗಿ ಕಾಪಾಡಿ, ಬೇಗ ತಲುಪಿಸುವ ವ್ಯವಸ್ಥೆ ಇರುವವರಿಗೆ ಅದು ಅನ್ವಯಿಸುತ್ತದೆ. ಹಾಗೆ ತಂದದ್ದು ಕೂಡ ಗಟ್ಟಿ ಆರೋಗ್ಯದವರಿಗೆ ಹಂಚಲು ತಕ್ಕದ್ದು. ಎಪ್ಪತ್ತು ದಾಟಿದ, ಮಾತ್ರೆಗಳ ಮೇಲೆ ಇರುವ ಮೂವತ್ತು ಮಂದಿಗೆ ಒಟ್ಟಿಗೆ ಬಡಿಸಲು ತಕ್ಕದ್ದೆಂದು ನಾನು ಭಾವಿಸುವುದಿಲ್ಲ.

ದಾನಿಗಳನ್ನು ನೋಯಿಸದೆ ದಾರಿ ತೋರಿಸಬಹುದು. ಬಾಗಿಲ ಬಳಿ ಒಂದು ಬೋರ್ಡ್ ಬರೆಸಿ: ಅಕ್ಕಿ, ಬೇಳೆ, ಜೋಳ, ಬೆಲ್ಲ, ಎಣ್ಣೆ, ಹಣ್ಣು ಸ್ವೀಕರಿಸುತ್ತೇವೆ, ಒಂದು ಹೊತ್ತಿನ ಊಟ ಕೊಡಬಯಸುವವರು ಎರಡು ದಿನ ಮೊದಲು ತಿಳಿಸಿದರೆ ಅವರ ಹೆಸರಿನಲ್ಲಿ ನಮ್ಮ ಅಡುಗೆಮನೆಯಲ್ಲೇ ಹೋಳಿಗೆ ಊಟ ಮಾಡಿಸುತ್ತೇವೆ, ಅವರೇ ಬಂದು ಬಡಿಸಬಹುದು. ಇದನ್ನು ಜಾರಿಗೆ ತಂದ ಒಂದು ಆಶ್ರಮದಲ್ಲಿ ಮೊದಲ ಎರಡು ತಿಂಗಳು ಗೊಣಗಾಟವಿತ್ತು, ಆಮೇಲೆ ಹುಟ್ಟುಹಬ್ಬಗಳಿಗೆ ಸಾಲು ಹತ್ತಿತು. ಎಳ್ಳು ಅಮಾವಾಸ್ಯೆಯ ಚರಗದ ಊಟವನ್ನೂ ಹೀಗೆಯೇ ಒಳಗೆ ಮಾಡಿಸಿಕೊಳ್ಳಿ. ಸಿಹಿ ತಂದೇ ತರುತ್ತೇವೆ ಎನ್ನುವವರಿಗೆ ಶೇಂಗಾ ಹೋಳಿಗೆಯನ್ನೋ ಕರದಂಟನ್ನೋ ಸೂಚಿಸಿ; ಒಣ ಪದಾರ್ಥಗಳಾದ್ದರಿಂದ ಅವು ಕೆಡುವುದು ನಿಧಾನ. ಕರದಂಟನ್ನು ಸಣ್ಣ ಚೂರು ಮಾಡಿ, ಹಲ್ಲು ಇದ್ದವರಿಗೆ ಮಾತ್ರ ಕೊಡಿ. ಖೋವಾದ ಕುಂದಾ, ಪೇಢೆಗಳು ಬಂದರೆ ಅಂದೇ ಮಾಡಿದ್ದೋ ಎಂದು ಕೇಳಿ, ಫ್ರಿಜ್‌ನಲ್ಲಿಡಿ, ಸಕ್ಕರೆ ಕಾಯಿಲೆಯವರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಂಚಿ.

ಪ್ರಶ್ನೆ: ಅಡುಗೆಯವರು ಕೈಗವಸು ಹಾಕುವುದು ಕಡ್ಡಾಯವೇ?
– ಓದುಗರು, ಚಿಕ್ಕೋಡಿ

ಉತ್ತರ: ಶುಚಿತ್ವದ ಲೆಕ್ಕದಲ್ಲಿ ತೊಳೆದ ಕೈ ಸಾಕು. ಒಂದೇ ಕೈಗವಸಿನಲ್ಲಿ ಕಸದ ಬುಟ್ಟಿಯನ್ನೂ ಮೊಬೈಲನ್ನೂ ಮುಟ್ಟಿ ರೊಟ್ಟಿ ಬಡಿಸುವುದಕ್ಕಿಂತ, ಸಾಬೂನಿನಿಂದ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದ ಬರಿಗೈ ಎಷ್ಟೋ ಮೇಲು. ಉಗುರು ಕತ್ತರಿಸಿರಬೇಕು, ಕೂದಲು ಕಟ್ಟಿರಬೇಕು. ಕೈಯಲ್ಲಿ ಗಾಯವಿದ್ದಾಗ ಮಾತ್ರ ನೀರು ತಾಗದ ಪಟ್ಟಿ ಹಾಕಿ ಅದರ ಮೇಲೆ ಕೈಗವಸು ಬೇಕೇ ಬೇಕು.

ಪ್ರಶ್ನೆ: ನಮ್ಮಲ್ಲಿ ಅಡುಗೆ ಮಾಡುವಾತನಿಗೆ ಜುಲಾಬು ಹತ್ತಿದ್ದರೂ ಹೇಳದೆ ಕೆಲಸಕ್ಕೆ ಬಂದಿದ್ದ. ಎರಡು ದಿನಗಳಲ್ಲಿ ಒಂಬತ್ತು ಮಂದಿ ಹಿರಿಯರಿಗೆ ಕಾಯಿಲೆಯಾಯಿತು. ಅವನನ್ನು ಬಿಡಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ.
– ಟ್ರಸ್ಟಿಯೊಬ್ಬರು, ಮುಧೋಳ

ಉತ್ತರ: ಅವನನ್ನು ಬಿಡಿಸಿ ಇನ್ನೊಬ್ಬನನ್ನು ತಂದರೆ, ಹೊಸಬನೂ ಮುಂದಿನ ಸಲ ಹೇಳದೇ ಬರುತ್ತಾನೆ. ರಜೆ ಹಾಕಿದ ದಿನದ ಪಗಾರ ಕಡಿಯುವ ಪದ್ಧತಿ ನಿಮ್ಮಲ್ಲಿದೆಯೇ ಎಂಬುದನ್ನು ಮೊದಲು ನೋಡಿ. ವಾಂತಿ, ಭೇದಿ, ಕಾಮಾಲೆ, ಜ್ವರ, ಕೈಯಲ್ಲಿ ಕೀವಾದ ಗಾಯ ಇವುಗಳಲ್ಲಿ ಯಾವುದಿದ್ದರೂ ಅಡುಗೆಮನೆಯ ಹೊರಗಿರಬೇಕು, ಆ ದಿನಗಳ ಪಗಾರ ಮಾತ್ರ ನಿಲ್ಲಬಾರದು ಎಂದು ಬರೆದು ಗೋಡೆಗೆ ಹಚ್ಚಿ. ಭೇದಿ ನಿಂತ ಮೇಲೂ 48 ತಾಸು ಕಳೆಯುವವರೆಗೆ ಅವರು ಆಹಾರವನ್ನು ಮುಟ್ಟಬಾರದು. ನೊರೊವೈರಸ್‌ನಂಥ ರೋಗಾಣು ಚೇತರಿಸಿಕೊಂಡವರ ಮಲದಲ್ಲೂ ಹೊರಬೀಳುತ್ತಿರುತ್ತದೆ. ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡರೆ ಅದು ಸರಿಯಾಗಿ ಹೋಗುವುದಿಲ್ಲ, ಸಾಬೂನು ಮತ್ತು ಹರಿಯುವ ನೀರೇ ಬೇಕು. ಆಹಾರ ಮುಟ್ಟುವ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ, ಕರುಳಿನ ಸೋಂಕುಗಳ ವಿರುದ್ಧ ಲಸಿಕೆ ಹಾಕಿಸಿ, ದಾಖಲೆ ಇಡಬೇಕೆಂದು ನಿಯಮವೇ ಹೇಳುತ್ತದೆ. ನಿಮ್ಮಲ್ಲಿ ಆ ಕಡತ ಇದೆಯೇ?

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಆಶ್ರಮದಲ್ಲಿ ಕುದಿಸಿ ಆರಿಸಿದ ನೀರು ಕೊಡುತ್ತೇವೆ. ಅಷ್ಟು ಸಾಕೇ?
– ಓದುಗರು, ಇಳಕಲ್ಲ

ಉತ್ತರ: ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟು ಅದರ ಸಾಂದ್ರತೆ ತುಸು ಹೆಚ್ಚೇ ಆಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಮಿತಿ. ಬೇರೆ ಮೂಲ ಇಲ್ಲದಿದ್ದಾಗ 1.5ರವರೆಗೆ ಬಳಸಬಹುದು. ನೀರನ್ನು ಪರೀಕ್ಷೆ ಮಾಡಿಸಿ, ಮಿತಿ ಮೀರಿದ್ದರೆ ಕುಡಿಯಲಿಕ್ಕೂ ಅಡುಗೆಗೂ ಆರ್‌ಒ ನೀರನ್ನೇ ಬಳಸಿ; ಬೇಳೆಯೂ ಅನ್ನವೂ ಆ ನೀರನ್ನೇ ಕುಡಿದು ಬೇಯುತ್ತವೆ ಎಂಬುದನ್ನು ಜನ ಮರೆಯುತ್ತಾರೆ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ, ಕ್ಯಾನಿನಲ್ಲಿ ತುಂಬಿ ಎರಡು ದಿನ ಇಟ್ಟು, ಲೋಟವನ್ನು ಮುಳುಗಿಸಿ ತೆಗೆದರೆ ಅದು ನಳದ ನೀರಿಗಿಂತ ಬೇಗ ಕೆಡುತ್ತದೆ. ಕ್ಯಾನಿಗೆ ನಳ ಇರಲಿ, ವಾರಕ್ಕೊಮ್ಮೆ ಒಳಗೆ ಕೈ ಹಾಕಿ ಉಜ್ಜಿ ತೊಳೆಯಿರಿ. ಪಾತ್ರೆ ತೊಳೆಯುವ ನೀರು ಬರುವ ಮಾಳಿಗೆಯ ಮೇಲಿನ ಟಾಕಿಯನ್ನು ಕೊನೆಯ ಸಲ ಯಾವಾಗ ತೊಳೆದದ್ದು ಎಂದು ಅದರ ಮೇಲೆಯೇ ಬಣ್ಣದಲ್ಲಿ ಬರೆಸಿ.

ಪ್ರಶ್ನೆ: ನಮ್ಮದು ಧರ್ಮಾರ್ಥ ಸಂಸ್ಥೆ, ಹಿರಿಯರಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ. ನಮಗೂ ಆಹಾರ ಸುರಕ್ಷತೆಯ ಕಾನೂನು ಅನ್ವಯಿಸುತ್ತದೆಯೇ?
– ಓದುಗರು, ಗೋಕಾಕ

ಉತ್ತರ: ಅನ್ವಯಿಸುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ‘ಆಹಾರ ವ್ಯವಹಾರ’ವನ್ನು ವಿವರಿಸುವಾಗ ಲಾಭಕ್ಕಾಗಿ ಇರಲಿ ಇಲ್ಲದಿರಲಿ, ಸರಕಾರಿಯಾಗಲಿ ಖಾಸಗಿಯಾಗಲಿ ಎಂದೇ ಹೇಳಿದೆ. ನೋಂದಣಿಯೋ ಲೈಸೆನ್ಸೋ ಎಂಬುದು ವ್ಯವಹಾರದ ಗಾತ್ರದ ಮೇಲೆ ನಿಂತಿರುವುದರಿಂದ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅಡುಗೆಮನೆಯ ಶುಚಿತ್ವದ ಷರತ್ತುಗಳು 2011ರ ಲೈಸೆನ್ಸ್ ನಿಯಮಾವಳಿಯ ನಾಲ್ಕನೆಯ ಅನುಸೂಚಿಯಲ್ಲಿವೆ. ಕೊಳಕು ಸ್ಥಿತಿಯಲ್ಲಿ ಆಹಾರ ತಯಾರಿಸಿದರೆ ಕಾಯ್ದೆಯ 56ನೆಯ ಕಲಮಿನಡಿ ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಇನ್‌ಸ್ಪೆಕ್ಟರ್ ಬಂದಾರೆಂಬ ಭಯಕ್ಕೆ ಮುಚ್ಚಿಡುವುದಕ್ಕಿಂತ ನೀವೇ ಕರೆದು ತೋರಿಸಿ ತಿದ್ದಿಕೊಳ್ಳುವುದು ಜಾಣತನ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಡೆಸುವ ಫಾಸ್ಟ್ಯಾಕ್ (FoSTaC) ಎಂಬ ಆಹಾರ ಸುರಕ್ಷತಾ ತರಬೇತಿಗೆ ನಿಮ್ಮ ಅಡುಗೆಮನೆಯ ಒಬ್ಬರನ್ನಾದರೂ ಕಳಿಸಿ. ಹೋಗುವವರು ಒಲೆಯ ಮುಂದೆ ನಿಲ್ಲುವವರಾಗಿರಲಿ, ಕಚೇರಿಯ ಗುಮಾಸ್ತರಲ್ಲ.

ಪ್ರಶ್ನೆ: ನಾನು ರಾತ್ರಿ ಪಾಳಿಯ ಆರೈಕೆದಾರಳು. ರಾತ್ರಿ ಹನ್ನೊಂದಕ್ಕೆ ಒಟ್ಟಿಗೆ ನಾಲ್ಕು ಮಂದಿಗೆ ವಾಂತಿ ಶುರುವಾದರೆ ನಾನು ಮೊದಲು ಏನು ಮಾಡಬೇಕು? ಇಂಥ ಒಂದು ರಾತ್ರಿ ನಾನೂ ಅಡುಗೆಯವರೂ ಕೂಡಿ ಹೆದರಿ ಉಳಿದ ಊಟವನ್ನೆಲ್ಲ ಚೆಲ್ಲಿಬಿಟ್ಟೆವು.
– ಓದುಗಿ, ಜಮಖಂಡಿ

ಉತ್ತರ: ವೈದ್ಯರಿಗೆ ಫೋನ್ ಮಾಡಿ, ಅವರು ಬರುವವರೆಗೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಲು ಆರಂಭಿಸಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಬೇಕು. ಅರ್ಧ ಪೊಟ್ಟಣಕ್ಕೆ ಒಂದು ಲೋಟ ಎಂಬ ಅಂದಾಜು ನಡೆಯುವುದಿಲ್ಲ, ಕಲಸಿದ್ದನ್ನು 24 ತಾಸಿನ ಮೇಲೆ ಇಡಬಾರದು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ಕೊಡಬೇಕು, ಬಿಪಿ ಮತ್ತು ಸಕ್ಕರೆಯ ಮಾತ್ರೆಗಳನ್ನು ಆ ರಾತ್ರಿ ಮುಂದುವರಿಸಬೇಕೇ ಎಂಬುದನ್ನು ವೈದ್ಯರನ್ನೇ ಕೇಳಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಹಿರಿಯರಲ್ಲಿ ಜ್ವರ ಬಾರದೆಯೂ ಸ್ಥಿತಿ ಹದಗೆಡುವುದುಂಟು. ಮಾತು ತೊದಲುವುದು, ಮಗಳನ್ನೇ ಗುರುತಿಸದಿರುವುದು, ಆರು ತಾಸಿನಿಂದ ಮೂತ್ರ ಮಾಡದಿರುವುದು, ಮಲದಲ್ಲಿ ರಕ್ತ ಇವು ಕಂಡರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಸಾಗಿಸಿ.

ವಾಂತಿಯನ್ನು ಒಣ ಅರಿವೆಯಿಂದ ಒರೆಸಿ ಅದೇ ಅರಿವೆಯನ್ನು ಅಡುಗೆಮನೆಯ ಮೋರಿಯಲ್ಲಿ ಹಿಂಡಬೇಡಿ. ಕೈಗವಸು ಹಾಕಿಕೊಂಡು ಕಾಗದದಿಂದ ಎತ್ತಿ ಚೀಲದಲ್ಲಿ ಕಟ್ಟಿ, ಆ ಜಾಗಕ್ಕೆ ಕ್ಲೋರಿನ್ ದ್ರಾವಣ ಹಾಕಿ. ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟ್ ಆದರೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಸಾಕು. ಅದರೊಡನೆ ಶೌಚಾಲಯ ತೊಳೆಯುವ ಆ್ಯಸಿಡ್ ಸೇರಬಾರದು, ವಿಷಾನಿಲ ಏಳುತ್ತದೆ. ರೋಗಿಯನ್ನು ಮುಟ್ಟಿದವರು ಆ ರಾತ್ರಿ ಯಾರಿಗೂ ಊಟ, ಹಾಲು ಕೊಡುವ ಕೆಲಸಕ್ಕೆ ಹೋಗಬಾರದು. ಪಾಳಿಯಲ್ಲಿ ನೀವು ಒಬ್ಬರೇ ಇದ್ದರೆ ಬಟ್ಟೆ ಬದಲಿಸಿ, ಮೊಣಕೈವರೆಗೆ ತೊಳೆದು ಹೋಗಿ.

ಊಟವನ್ನು ಚೆಲ್ಲಿದ್ದು ಹೆದರಿಕೆಯಿಂದ ಆದದ್ದು, ನಿಮ್ಮನ್ನು ಬಯ್ಯಲಾರೆ. ಆದರೆ ಕಾರಣವನ್ನು ಹೇಳಬಲ್ಲ ಒಂದೇ ಸಾಕ್ಷಿ ಅದಾಗಿತ್ತು. ಮುಂದೆ ಹಾಗಾಗದಂತೆ ಪ್ರತಿ ಹೊತ್ತಿನ ಅಡುಗೆಯಿಂದ ಬಡಿಸುವ ಮೊದಲೇ ಒಂದೊಂದು ಪದಾರ್ಥದ ಒಂದು ಹಿಡಿಯಷ್ಟನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಮುಚ್ಚಳದ ಡಬ್ಬಿಗಳಲ್ಲಿ ಹಾಕಿ, ತಾರೀಖು ಮತ್ತು ಹೊತ್ತು ಬರೆದ ಚೀಟಿ ಅಂಟಿಸಿ, ಫ್ರಿಜ್‌ನ ಒಂದು ಮೂಲೆಯಲ್ಲಿ ಮೂರು ದಿನ ಇಡಿಸಿ, ಆಮೇಲೆ ಚೆಲ್ಲಿ. ರಾತ್ರಿ ಹೆಸ್ಕಾಂ ಕರೆಂಟ್ ಹೋದರೆ ಫ್ರಿಜ್‌ನ ಬಾಗಿಲು ತೆರೆಯಬೇಡಿ. ಮುಚ್ಚಿದ್ದರೆ ಸುಮಾರು ನಾಲ್ಕು ತಾಸು ತಂಪು ಹಿಡಿದುಕೊಳ್ಳುತ್ತದೆ. ಕಾಯಿಲೆಯಾದ ರಾತ್ರಿ ಇನ್ನೊಂದು ಕೆಲಸವಿದೆ: ಒಂದು ಹಾಳೆಯಲ್ಲಿ ಎಲ್ಲ ಹಿರಿಯರ ಹೆಸರು ಬರೆದು, ಯಾರು ಏನನ್ನು ಉಂಡರು, ಯಾರು ಮಜ್ಜಿಗೆ ಮಾತ್ರ ಕುಡಿದರು, ಯಾರಿಗೆ ಎಷ್ಟು ಹೊತ್ತಿಗೆ ವಾಂತಿಯಾಯಿತು ಎಂದು ಗುರುತು ಹಾಕಿ. ಬೆಳಿಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಗೆ ತಿಳಿಸುವಾಗ, ಕಾಯಿಲೆಯಾದವರಷ್ಟೇ ಮುಖ್ಯರಾದವರು ಕಾಯಿಲೆಯಾಗದವರು. ಹನ್ನೆರಡು ಮಂದಿಯಲ್ಲಿ ಅನ್ನ ಉಣ್ಣದೆ ರೊಟ್ಟಿ ಉಂಡ ಮೂವರು ಗಟ್ಟಿಯಾಗಿ ಕುಳಿತಿದ್ದರೆ, ಪ್ರಯೋಗಾಲಯದ ವರದಿ ಬರುವ ಮೊದಲೇ ಯಾವ ಡಬ್ಬಿಯನ್ನು ಕಳಿಸಬೇಕೆಂದು ನಿಮ್ಮ ಹಾಳೆ ಹೇಳಿರುತ್ತದೆ.